ಬೇಳೆ ಅಟ್ಟ ಹತ್ತಿದ ತಿಂಗಳು

ನಮ್ಮ ಮನೆಯಲ್ಲಿ ವರ್ಷಕ್ಕೆ ಒಂದು ತಿಂಗಳು ಬೇಳೆಕಾಳಿಗೆ ಗಡೀಪಾರು. ಚಾತುರ್ಮಾಸ್ಯದ ನಾಲ್ಕನೆಯ ತಿಂಗಳು ಅದು. ವಿಜಯದಶಮಿ ಮುಗಿಯಿತೋ ಇಲ್ಲವೋ, ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯ ಕಪಾಟಿನ ಮುಂದೆ ನಿಂತುಬಿಡುತ್ತಿದ್ದಳು. ತೊಗರಿ, ಹೆಸರು, ಉದ್ದು, ಕಡಲೆ, ಹುರುಳಿ, ಅಲಸಂದೆ, ಶೇಂಗಾ, ಒಂದೊಂದೇ ಡಬ್ಬಿ ಇಳಿದು ಗೋಣಿಚೀಲ ಸೇರಿ, ಬಾಯಿ ಕಟ್ಟಿಸಿಕೊಂಡು ಅಟ್ಟಕ್ಕೆ ಹೋಗುತ್ತಿತ್ತು. ಏಣಿ ಹಿಡಿಯುವ ಕೆಲಸ ನನ್ನದು. ದ್ವಿದಳ ವ್ರತ ಅಂದರೆ ಇಷ್ಟೇ: ಒಡೆದರೆ ಎರಡು ಹೋಳಾಗುವ ಯಾವ ಕಾಳೂ ಆ ತಿಂಗಳು ನಾಲಿಗೆಗೆ ತಾಗಬಾರದು. ಸಾರಿಗೆ ಬೇಳೆ ಇಲ್ಲ, ದೋಸೆಗೆ ಉದ್ದಿಲ್ಲ, ಒಗ್ಗರಣೆಗೆ ಒಂದು ಚಿಟಿಕೆ ಮೆಂತ್ಯವೂ ಇಲ್ಲ. ಜೀರಿಗೆ, ಕಾಳುಮೆಣಸು, ತೆಂಗಿನಕಾಯಿ, ಮೊಸರು, ಇಷ್ಟರಲ್ಲೇ ದಿನ ದೂಡಬೇಕು. ದೀಪಾವಳಿಯೂ ಹಾಳಾದ್ದು ಇದೇ ತಿಂಗಳಲ್ಲೇ ಬರಬೇಕು. ಬೀದಿಯ ಮನೆಮನೆಯಲ್ಲೂ ಹೋಳಿಗೆ ಬೇಯುವಾಗ ನಾವು ಬಾಗಿಲು ಹಾಕಿಕೊಂಡು ಅಕ್ಕಿ ಪಾಯಸ ಉಣ್ಣುತ್ತಿದ್ದೆವು. ಈಗಲೂ ಯಾರಾದರೂ ನಮ್ಮ ಹಿರಿಯರ ಊಟವೆಲ್ಲ ವೈಜ್ಞಾನಿಕ ಅಂತ ಶುರುಮಾಡಿದರೆ ನನಗೆ ಮೈ ಉರಿಯುತ್ತದೆ. ಹಿರಿಯರ ಊಟ ದಡ್ಡತನ ಅನ್ನುವವರನ್ನು ಕಂಡರೂ ಅಷ್ಟೇ ಉರಿಯುತ್ತದೆ, ಅದು ಬೇರೆ ಮಾತು.

ಶಿರಸಿಯ ನಮ್ಮ ಬಾಡಿಗೆಮನೆ ಉದ್ದುದ್ದಕ್ಕೆ ಇತ್ತು. ಮುಂದೆ ಜಗಲಿ, ನಡುವೆ ಹಗಲಲ್ಲೂ ದೀಪ ಬೇಕೆನಿಸುವ ಕೋಣೆ, ಅದರಾಚೆ ಅಡುಗೆಮನೆ, ಹಿಂದೆ ಬಚ್ಚಲು ಮತ್ತು ಹಿತ್ತಿಲ ಕಟ್ಟೆ. ಅಪ್ಪ ಯಲ್ಲಾಪುರದಲ್ಲಿ ಗುಮಾಸ್ತ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವ ಮನುಷ್ಯ. ಉಳಿದ ದಿನ ಮನೆಯಲ್ಲಿ ನಾವು ಮೂರೇ ಹೆಂಗಸರು: ಅಪ್ಪನ ತಾಯಿ ಅಂದರೆ ಅಜ್ಜಿ, ಅಮ್ಮ, ಹನ್ನೆರಡು ವರ್ಷದ ನಾನು. ಅಡುಗೆಮನೆ ಒಂದೇ ಆದ್ದರಿಂದ ಅಜ್ಜಿಯ ವ್ರತ ಎಲ್ಲರ ವ್ರತ. ಅವಳು ಮದುವೆಯಾಗಿ ಬಂದ ವರ್ಷದಿಂದ ಒಂದು ಸಲವೂ ಅದನ್ನು ತಪ್ಪಿಸಿದವಳಲ್ಲ. ಮನೆಗೆ ಬಂದವರ ಹತ್ತಿರ ಬೇರೇನು ಹೇಳಲಿ ಬಿಡಲಿ, ಈ ಸಂಗತಿ ಹೇಳದೆ ಕಳಿಸುತ್ತಿರಲಿಲ್ಲ. ನನಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ನಾನು ಹೇಳಹೊರಟ ವರ್ಷ ಅಮ್ಮನಿಗೆ ಏಳು ತಿಂಗಳು ನಡೆಯುತ್ತಿತ್ತು. ನನ್ನ ನಂತರ ಎರಡು ಸಲ ಬಸಿರಾಗಿ ಎರಡೂ ಉಳಿದಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೂ ನನಗೆ ಗೊತ್ತಿತ್ತು. ಮಕ್ಕಳಿಗೆ ಗೊತ್ತಿಲ್ಲ ಅಂತ ದೊಡ್ಡವರು ಅದು ಹೇಗೆ ಅಂದುಕೊಳ್ಳುತ್ತಾರೋ ದೇವರೇ ಬಲ್ಲ. ಅಮ್ಮ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಉಗುರುಗಳು ಸುಣ್ಣದ ಹಾಗೆ ಬಿಳಿಚಿದ್ದವು. ತಪಾಸಣೆಗೆ ಹೋದಾಗ ಚೀಲ ಹಿಡಿದು ಜೊತೆಗೆ ಹೋದವಳು ನಾನೇ. ಆಸ್ಪತ್ರೆಯ ನರ್ಸಮ್ಮ ಚೀಟಿ ನೋಡಿ ಕನ್ನಡಕ ಮೇಲೇರಿಸಿದಳು.

"ಎಂಥದಮ್ಮಾ ಇದು? ಮೈಯಲ್ಲಿ ರಕ್ತವೇ ಇಲ್ಲವಲ್ಲ! ಹೆರಿಗೆ ಹೊತ್ತಿಗೆ ಹೀಗೇ ಇದ್ದರೆ ನಿನಗೂ ಕಷ್ಟ, ಮಗುವಿಗೂ ಕಷ್ಟ. ಮಾತ್ರೆ ತಪ್ಪಿಸಬೇಡ. ದಿನಾ ಎರಡು ಹೊತ್ತು ಕಾಳು ತಿನ್ನು. ಹೆಸರೋ, ಅಲಸಂದೆಯೋ, ಯಾವುದೋ ಒಂದು. ಸೊಪ್ಪು ತಿನ್ನು."

"ಹ್ಞೂಂ," ಅಂದಳು ಅಮ್ಮ.

ಆ ಹ್ಞೂಂ ಕೇಳಿ ನಾನು ನಂಬಿದೆ. ದಡ್ಡಿ. ಮೂರು ದಿನ ಬಿಟ್ಟು ವಿಜಯದಶಮಿ, ಅದರ ಮಾರನೆಯ ದಿನ ಡಬ್ಬಿಗಳು ಇಳಿದವು. ನಾನು ಏಣಿ ಹಿಡಿಯುವುದಿಲ್ಲ ಅಂದೆ. ಅಮ್ಮ, ಆ ಹೊಟ್ಟೆ ಹೊತ್ತುಕೊಂಡು, ತಾನೇ ಬಂದು ಏಣಿ ಹಿಡಿದಳು. ನನಗೆ ಅಳು ಬಂತು, ಅಜ್ಜಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವತ್ತಿನಿಂದ ನನ್ನ ಮತ್ತು ಅಜ್ಜಿಯ ಯುದ್ಧ ಶುರು.

ಬೇಳೆ ಹೋದ ಜಾಗಕ್ಕೆ ಬಂದದ್ದು ಗೋವಿನಜೋಳ, ಅಂದರೆ ಮೆಕ್ಕೆಜೋಳ. ಬನವಾಸಿ ಕಡೆಯಿಂದ ಹನುಮವ್ವ ಅಂತ ಒಬ್ಬ ಹೆಂಗಸು ವಾರಕ್ಕೊಮ್ಮೆ ಬುಟ್ಟಿ ಹೊತ್ತುಕೊಂಡು ನಮ್ಮ ಬೀದಿಗೆ ಬರುತ್ತಿದ್ದಳು. ಹೊಸ ಬೆಳೆ, ಬಂಗಾರದ ಬಣ್ಣದ ಒಣಕಾಳು. ಅದು ವ್ರತಕ್ಕೆ ಆಗುತ್ತದೋ ಇಲ್ಲವೋ ಅನ್ನುವುದನ್ನು ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ತೀರ್ಮಾನ ಮಾಡಿದಳು. ಒಂದು ಹಿಡಿ ಹಾಕಿ ಎರಡು ಸುತ್ತು ತಿರುಗಿಸಿದಳು. ಬೇಳೆಯಾಗಿದ್ದರೆ ಸರಿಯಾಗಿ ಎರಡು ಹೋಳಾಗಿ ಬೀಳಬೇಕು, ಇದು ಚೂರುಚೂರಾಗಿ ರವೆಯಾಗಿ ಬಿತ್ತು. ಒಂದು ತೆನೆಯಲ್ಲಿ ಅಷ್ಟೊಂದು ಬೀಜ ಇದೆಯಲ್ಲ, ವ್ರತದಲ್ಲಿ ಬಹುಬೀಜವೂ ಕೂಡದು ಅಂತ ನೀನೇ ಹೇಳುತ್ತೀಯಲ್ಲ ಅಂತ ನಾನು ತಗಾದೆ ತೆಗೆದೆ. ಭತ್ತದ ತೆನೆಯಲ್ಲಿ ಇರುವುದು ಒಂದೇ ಬೀಜವೇನೇ ಅಂತ ಅಜ್ಜಿ ತಿರುಗಿ ಕೇಳಿದಳು. ಹನುಮವ್ವ ಜಗಲಿಯ ಅಂಚಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಇದನ್ನೆಲ್ಲ ನೋಡುತ್ತಿದ್ದಳು.

"ತಗೋರಿ ಅಮ್ಮಾರ, ಭಾಳ ಚಲೋ ಐತಿ. ಆದ್ರ ಬಸರಿ ಹೆಣ್ಮಗಳಿಗೆ ಬರೇ ಇದನ್ನ ಹಾಕಬ್ಯಾಡ್ರಿ. ನಾವು ಇದರ ರೊಟ್ಟಿ ತಿಂತೀವಿ ಖರೆ, ಜೋಡಿ ಕಾಳಪಲ್ಯ ಇಲ್ಲದ ತಿನ್ನೂದಿಲ್ರಿ."

"ನಿಮಗೆ ವ್ರತ ಇಲ್ಲ ಮಾರಾಯ್ತಿ," ಅಂದಳು ಅಜ್ಜಿ.

"ವ್ರತ ಇಲ್ರಿ. ಹಸಿವಿ ಐತ್ರಿ."

ಗಿರಣಿಗೆ ಹೋಗುವುದೂ ಒಂದು ರಗಳೆ. ಮೊದಲು ಯಾರಾದರೂ ಕಡಲೆ ಬೀಸಿಸಿದ್ದರೆ ಅದರ ಹಿಟ್ಟು ಗಿರಣಿಯ ಬಾಯಲ್ಲಿ ಉಳಿದಿರುತ್ತದೆ, ನಮ್ಮದಕ್ಕೆ ಸೇರಿದರೆ ಕೆಟ್ಟಿತು. ಹಾಗಾಗಿ ಯಾರಾದರೂ ಅಕ್ಕಿ ಬೀಸಿಸುವವರೆಗೆ ಕಾದು, ಅವರ ಹಿಂದೆಯೇ ನಮ್ಮ ಡಬ್ಬಿ ಸುರಿಸಬೇಕು. ಒಂದು ದಿನ ನಾನು ಎರಡು ತಾಸು ಕಾದೆ. ಗಿರಣಿಯವನಿಗೆ ನನ್ನನ್ನು ಕಂಡರೆ ನಗು. ಹೀಗೆ ತಂದ ಹಿಟ್ಟಿನ ರೊಟ್ಟಿ, ರವೆಯ ಉಪ್ಪಿಟ್ಟು, ಗಂಜಿ, ಮತ್ತೆ ರೊಟ್ಟಿ. ಅಮ್ಮ ತಟ್ಟೆಯ ಮುಂದೆ ಕೂತು ಒಂದಿಷ್ಟು ತಿಂದು ಉಳಿದದ್ದನ್ನು ನನ್ನ ಕಡೆ ಸರಿಸುತ್ತಿದ್ದಳು. ಮಾತ್ರೆಯನ್ನೂ ತಿನ್ನುತ್ತಿರಲಿಲ್ಲ, ಹೊಟ್ಟೆ ತೊಳಸುತ್ತದೆ ಅಂತ ನೆಪ. ಆ ಮಾತ್ರೆಗಳು ಹಾಗೇ ದೇವರ ಗೂಡಿನ ಹಿಂದೆ ಬಿದ್ದಿದ್ದವು.

ಅದೇ ವಾರ ಶಾಲೆಯಲ್ಲಿ ವಿಜ್ಞಾನದ ಅಕ್ಕೋರು ಏಕದಳ, ದ್ವಿದಳ ಪಾಠ ತೆಗೆದುಕೊಂಡರು. ನೆನೆಸಿದ ಅಲಸಂದೆಯ ಸಿಪ್ಪೆ ಬಿಡಿಸಿ ಎರಡು ದಳ ತೋರಿಸಿದರು, ಗೋವಿನಜೋಳವನ್ನು ಸೀಳಿ ಒಂದೇ ದಳ ತೋರಿಸಿದರು. ಅಲ್ಲಿಯವರೆಗೆ ಎಲ್ಲ ಅಜ್ಜಿ ಹೇಳಿದಂತೆಯೇ. ಆಮೇಲೆ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದರು: ದ್ವಿದಳ ಧಾನ್ಯ, ದೇಹ ಕಟ್ಟುವ ಆಹಾರ. ಮನೆಯಲ್ಲಿ ಅಟ್ಟ ಹತ್ತಿಸಿದ್ದನ್ನೇ ಇವರು ಇಲ್ಲಿ ಹೊಗಳುತ್ತಿದ್ದಾರೆ! ಪಾಠ ಮುಗಿದ ಮೇಲೆ ಅಕ್ಕೋರ ಬೆನ್ನುಬಿದ್ದು ಅವರ ದಪ್ಪ ಪುಸ್ತಕದಿಂದ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡೆ. ಮೈ ಬೆಳೆಸುವ ಸಸಾರಜನಕ ಅಲಸಂದೆಯಲ್ಲಿ ಗೋವಿನಜೋಳದ ಎರಡರಷ್ಟಕ್ಕಿಂತ ಜಾಸ್ತಿ. ಕಬ್ಬಿಣ ಜಾಸ್ತಿ. ಸುಣ್ಣದ ಅಂಶ ಜಾಸ್ತಿ. ಗೋವಿನಜೋಳದಲ್ಲಿ ಹಿಟ್ಟು ಜಾಸ್ತಿ, ಕೊಬ್ಬು ಸ್ವಲ್ಪ ಜಾಸ್ತಿ, ಹಳದಿ ಬಣ್ಣದ್ದಾದರೆ ಕಣ್ಣಿಗೆ ಒಳ್ಳೆಯದು. ಪಟ್ಟಿಯ ಆ ಸಾಲಿನಲ್ಲಿ ಗೋವಿನಜೋಳವನ್ನೇ ಗೆಲ್ಲಿಸಿದ್ದೆ, ಯಾಕೆಂದರೆ ಮೋಸ ಮಾಡಿ ಗೆಲ್ಲುವುದು ನನಗೆ ಬೇಕಿರಲಿಲ್ಲ. ಡ್ರಾಯಿಂಗ್ ಹಾಳೆಯ ಮೇಲೆ ಕೆಂಪು ನೀಲಿ ಶಾಯಿಯಲ್ಲಿ ಗೆರೆ ಎಳೆದು ಅಡುಗೆಮನೆಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದೆ.

ಅಜ್ಜಿ ಕಣ್ಣು ಕಿರಿದು ಮಾಡಿ ಓದಿದಳು. ಓದು ಬರುತ್ತಿತ್ತು ಅವಳಿಗೆ.

"ಇದನ್ನ ತಿಂದು ಬನವಾಸಿ ಕಡೆ ಎತ್ತುಗಳು ಹೇಗಿವೆ ಗೊತ್ತೇನೇ?" ಅಂದಳು.

"ಅಮ್ಮ ಎತ್ತಲ್ಲ ಅಜ್ಜಿ!"

"ಬಾಯಿ ಮುಚ್ಚು. ದೊಡ್ಡವರ ಎದುರು ಎಷ್ಟು ಮಾತಾಡ್ತೆ ನೀನು!"

ಶನಿವಾರ ಅಪ್ಪ ಬಂದಾಗ ಅವನನ್ನು ಗೋಡೆಯ ಮುಂದೆ ನಿಲ್ಲಿಸಿದೆ. ಅಪ್ಪ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಅಕ್ಷರ ಚೆನ್ನಾಗಿದೆ ಪದ್ದಿ ಅಂದ. ಇವೆಲ್ಲ ಒಳಗಿನ ವಿಷಯ, ಹೆಂಗಸರ ನಡುವೆ ನಾನು ಮೂಗು ತೂರಿಸಲಾರೆ ಅಂದ. ಯಲ್ಲಾಪುರದ ಖಾನಾವಳಿಯಲ್ಲಿ ವಾರವಿಡೀ ತೊವ್ವೆ ಉಂಡು ಬಂದ ಗಂಡಸು!

ಮುಂದೆ ನಾನು ಇದನ್ನೇ ಓದಿದೆ, ಇದೇ ನನ್ನ ಕಸುಬಾಯಿತು. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಬಸುರಿಯರನ್ನು ಕೂರಿಸಿಕೊಂಡು ಏನು ತಿನ್ನಬೇಕು ಅಂತ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ಗೋವಿನಜೋಳದ ಸಸಾರಜನಕದಲ್ಲಿ ಏನು ಕೊರತೆಯೋ ಅದು ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವುದು ಗೋವಿನಜೋಳದಲ್ಲಿದೆ, ಎರಡನ್ನೂ ಸೇರಿಸಿ ತಿನ್ನಬೇಕು ಅಂತ ಕಾಲೇಜಿನಲ್ಲಿ ಕಲಿತ ದಿನ ನನಗೆ ಹನುಮವ್ವನ ಮೇಲೆ ಹೊಟ್ಟೆಕಿಚ್ಚಾಯಿತು. ಒಂದೇ ವಾಕ್ಯದಲ್ಲಿ ಹೇಳಿ ಎಲೆ ಅಡಿಕೆ ಉಗಿದು ಹೋಗಿದ್ದಳಲ್ಲ! ಈಗಲೂ ಸಭೆಯಲ್ಲಿ ಯಾರಾದರೊಬ್ಬಳು ಎದ್ದುನಿಂತು, ಕಾಳು ಒಳ್ಳೆಯದೋ ಗೋವಿನಜೋಳ ಒಳ್ಳೆಯದೋ ಮೇಡಂ ಅಂತ ಕೇಳುತ್ತಾಳೆ. ನಾನು ಪಟ್ಟಿ ತೋರಿಸುತ್ತೇನೆ. ಅವಳು ಹ್ಞೂಂ ಅನ್ನುತ್ತಾಳೆ. ಆ ಹ್ಞೂಂ ನನಗೆ ಚೆನ್ನಾಗಿ ಗೊತ್ತು.

ವ್ರತ ಶುರುವಾಗಿ ಹನ್ನೆರಡು ದಿನವಾಗಿತ್ತು. ಅಮ್ಮ ಹಿತ್ತಿಲ ಬಾವಿಕಟ್ಟೆಯ ಹತ್ತಿರ ತಲೆಸುತ್ತಿ ಕುಸಿದು ಕೂತಳು. ಅಜ್ಜಿ ಮಡಿ ಮರೆತು ಓಡಿಬಂದು ಹಿಡಿದುಕೊಂಡಳು. ಒಂದು ಲೋಟ ಬೆಲ್ಲದ ನೀರು ಕುಡಿಸಿ ಚಾಪೆಯ ಮೇಲೆ ಮಲಗಿಸಿದ ಮೇಲೆ ನನ್ನ ಕಡೆ ತಿರುಗಿ, ಹೊರಡು, ಸೋಂದಾ ಮಠಕ್ಕೆ ಹೋಗಿ ಬರೋಣ ಅಂದಳು. ಪಕ್ಕದ ಮನೆಯವರನ್ನು ಅಮ್ಮನ ಹತ್ತಿರ ಕೂರಿಸಿ ನಾವಿಬ್ಬರೂ ಬಸ್ಸು ಹತ್ತಿದೆವು. ನಾನು ಗೋಡೆಯ ಪಟ್ಟಿಯನ್ನು ಕಿತ್ತು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಮಠದಲ್ಲಿ ಅಜ್ಜಿಗೆ ಪರಿಚಯದ ಮುದಿ ಆಚಾರ್ಯರೊಬ್ಬರಿದ್ದರು. ಅಜ್ಜಿ ನಮಸ್ಕಾರ ಮಾಡಿ ಏಳುವ ಮೊದಲೇ ನಾನು ಪಟ್ಟಿ ಬಿಚ್ಚಿ ಗಡಗಡ ಓದತೊಡಗಿದೆ. ಅವರು ಕಬ್ಬಿಣದವರೆಗೂ ಕೇಳಿ ಕೈಯೆತ್ತಿ ನಿಲ್ಲಿಸಿದರು.

"ಸಾಕು ಮಗೂ. ಗರ್ಭಿಣಿಗೆ, ಕಾಯಿಲೆಯವರಿಗೆ, ಮಕ್ಕಳಿಗೆ ಯಾವ ವ್ರತ? ಅವರಿಗೆ ಕಟ್ಟುಪಾಡಿಲ್ಲ." ಅಜ್ಜಿಯ ಕಡೆ ನೋಡಿದರು. "ಇಷ್ಟು ವರ್ಷ ನಡೆಸಿಕೊಂಡು ಬಂದ ನಿಮಗೆ ಇದು ಗೊತ್ತಿಲ್ಲವೇ?"

"ಗೊತ್ತು ಆಚಾರ್ಯರೇ," ಅಂದಳು ಅಜ್ಜಿ. "ನೀವು ಹೇಳಿದಿರಿ ಅಂತ ಮನೆಯಲ್ಲಿ ಹೇಳಬೇಕಿತ್ತು."

ನನಗೆ ತಲೆಬುಡ ತಿಳಿಯಲಿಲ್ಲ. ಹೊರಗೆ ಬಂದು ಬಸ್ಸು ಕಾಯುವಾಗ ಅಜ್ಜಿಯ ಸೆರಗು ಹಿಡಿದು ಜಗ್ಗಿದೆ.

"ಗೊತ್ತಿದ್ದೂ ಅಮ್ಮನಿಗೆ ಯಾಕೆ ಕೊಡಲಿಲ್ಲ?"

"ನಿನ್ನಮ್ಮ ತಿನ್ನಬೇಕಲ್ಲ! ಡಬ್ಬಿ ಇಳಿಸೋ ಮೊದಲೇ ಹೇಳಿದ್ದೆ, ಸುಮತಿ, ನಿನಗೆ ಬೇರೆ ಒಲೆ ಹಾಕಿ ಬೇಯಿಸಿ ಕೊಡ್ತೆ ಅಂತ. ಬೇಡ ಅತ್ತೆ ಅಂದಳು. ದಿನಾ ಹೇಳ್ತಾ ಇದ್ದೇನೆ. ಬೇಡ ಅಂದರೆ ಬೇಡ."

"ಯಾಕೆ?"

ಅಜ್ಜಿ ನನ್ನ ಕೈಯಿಂದ ಸೆರಗು ಬಿಡಿಸಿಕೊಂಡಳು. ಆಮೇಲೆ ಹೇಳಿದಳು. ಎರಡನೆಯ ಸಲ ಬಸಿರು ಇಳಿದುಹೋದಾಗ ಇದೇ ತಿಂಗಳು. ಅದಕ್ಕೆ ಎರಡು ದಿನ ಮುಂಚೆ ಅಮ್ಮ ಯಾರದೋ ಮನೆಯ ಅರಿಸಿನ ಕುಂಕುಮಕ್ಕೆ ಹೋದವಳು ಅಲ್ಲಿ ಅಲಸಂದೆ ಉಸಲಿ ತಿಂದು ಬಂದಿದ್ದಳಂತೆ. ಆಸೆಯಾಯಿತು ಅತ್ತೆ ಅಂತ ತಾನೇ ಹೇಳಿದ್ದಳಂತೆ.

"ಮಗು ಹೋದ ಸಂಕಟಕ್ಕೆ ನನ್ನ ಬಾಯಿಂದ ಬಂದುಬಿಟ್ಟಿತು ಪದ್ದಿ. ನಾಲಿಗೆ ಕಟ್ಟಿದ್ದರೆ ಉಳೀತಿತ್ತು ಅಂದುಬಿಟ್ಟೆ. ಒಂದೇ ಸಲ ಅಂದದ್ದು."

ಹನ್ನೆರಡು ದಿನ ನಾನು ಯಾರ ಜೊತೆ ಜಗಳವಾಡಿದ್ದೆನೋ ಅವಳು ಮೊದಲ ದಿನದಿಂದಲೇ ನನ್ನ ಕಡೆಯವಳಾಗಿದ್ದಳು. ಅದನ್ನು ನನಗೆ ಮೊದಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಹೇಳಬೇಕಾದರೆ ಆ ಒಂದು ಮಾತನ್ನೂ ಹೇಳಬೇಕಿತ್ತು, ಅದಕ್ಕೇ ಹೇಳಿರಲಿಲ್ಲ. ಈಗ ಅರ್ಥವಾಗುತ್ತದೆ. ಆಗ ನನಗೆ ಅಜ್ಜಿಯ ಮೇಲೆ ಸಿಟ್ಟು, ಅಮ್ಮನ ಮೇಲೆ ಸಿಟ್ಟು, ಕಂಕುಳಲ್ಲಿದ್ದ ಆ ಹಾಳೆಯ ಮೇಲೂ ಸಿಟ್ಟು.

ಮನೆಗೆ ಬಂದು ಅಜ್ಜಿ ಆಚಾರ್ಯರು ಹೇಳಿದ್ದನ್ನು ಹೇಳಿದಳು. ಅಮ್ಮ ಚಾಪೆಯ ಮೇಲೆ ಎದ್ದು ಕೂತು ಪೂರ್ತಿ ಕೇಳಿಸಿಕೊಂಡಳು.

"ಆಚಾರ್ಯರು ಹೇಳ್ತಾರೆ ಅತ್ತೆ. ಮಗು ಅವರ ಹೊಟ್ಟೆಯಲ್ಲಿಲ್ಲ."

ನಾನು ತಡೆಯಲಾರದೆ ಪಟ್ಟಿಯನ್ನು ಅವಳ ಮುಂದೆ ಹರಡಿ ಕೂಗಾಡಿದೆ. ಸಸಾರಜನಕ, ಕಬ್ಬಿಣ, ಸುಣ್ಣ, ಎಲ್ಲವನ್ನೂ ಬೆರಳಿಟ್ಟು ತೋರಿಸಿದೆ. ಅಮ್ಮ ನನ್ನ ತಲೆ ಸವರಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಚೆನ್ನಾಗಿ ಬರೆದಿದ್ದೀಯೆ ಕಂದಾ. ಹೋದ ಎರಡು ಮಕ್ಕಳ ಬಗ್ಗೆ ಇದರಲ್ಲಿ ಏನಾದರೂ ಬರೆದಿದೆಯಾ?"

ಅದಕ್ಕೆ ನಾನು ಏನು ಹೇಳಲಿ? ಇವತ್ತಿಗೂ ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ. ಹಳ್ಳಿಗಳಲ್ಲಿ ಹ್ಞೂಂ ಅನ್ನುವ ಎಷ್ಟು ಹೆಂಗಸರ ಹೊಟ್ಟೆಯಲ್ಲಿ ಇಂಥದೊಂದು ಪ್ರಶ್ನೆ ಕೂತಿದೆಯೋ. ನಾನು ಹಾಳೆ ಮಡಚಿ ಹಿತ್ತಿಲಿಗೆ ಹೋಗಿ ಕೂತೆ.

ಸಂಜೆ ಅಜ್ಜಿ ತಾನೇ ಏಣಿ ಇಟ್ಟುಕೊಂಡಳು. ನಾನು ಓಡಿಹೋಗಿ ಹಿಡಿದೆ. ಎಪ್ಪತ್ತರ ಹತ್ತಿರದ ಮುದುಕಿ ಅಟ್ಟ ಹತ್ತಿ ಗೋಣಿಯ ಬಾಯಿ ಬಿಚ್ಚಿ ಅಲಸಂದೆಯ ಡಬ್ಬಿಯೊಂದನ್ನೇ ಇಳಿಸಿಕೊಂಡು ಬಂದಳು. ಎರಡು ಹಿಡಿ ನೆನೆಹಾಕಿದಳು. ಮಾರನೆಯ ದಿನ ದೇವರ ಪೂಜೆ ಮುಗಿಸಿ, ಹಿತ್ತಿಲ ಕಟ್ಟೆಯ ಮೇಲೆ ಸೀಮೆಎಣ್ಣೆ ಸ್ಟೋವ್ ಹಚ್ಚಿ, ಬೇರೆ ಪಾತ್ರೆಯಲ್ಲಿ ಬೇಯಿಸಿದಳು. ಬೆಂದದ್ದನ್ನು ಬಸಿದು, ತೆಂಗಿನತುರಿ ಬೆರೆಸಿ, ಒಂದೇ ತಟ್ಟೆಗೆ ಹಾಕಿಕೊಂಡು ಒಳಗೆ ತಂದು ಅಮ್ಮನ ಎದುರು ಕೂತಳು. ಅಮ್ಮ ಮುಖ ತಿರುಗಿಸಿದಳು.

"ಬೇಡ ಅತ್ತೆ. ದಮ್ಮಯ್ಯ, ಒತ್ತಾಯ ಮಾಡಬೇಡಿ. ನನಗೆ ಹೆದರಿಕೆ ಆಗ್ತದೆ."

"ಸುಮತೀ, ಇಲ್ಲಿ ನೋಡು."

ಅಮ್ಮ ನೋಡಿದಳು. ಅಜ್ಜಿ ತಟ್ಟೆಯಿಂದ ಒಂದು ಹಿಡಿ ಅಲಸಂದೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಕಡೆಯೆಲ್ಲ ಸಿಕ್ಕಿಸಿಕೊಂಡು ಕಷ್ಟಪಟ್ಟು ಅಗಿದು ನುಂಗಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮದುವೆಯಾದ ವರ್ಷದಿಂದ ಅವಳು ಆ ತಿಂಗಳು ಮುಟ್ಟದಿದ್ದದ್ದು ಅದು.

"ನಾನೇ ತಿಂದೆ. ಪಾಪ ಇದ್ದರೆ ಮೊದಲು ನನಗೆ ತಾಗಲಿ. ಅವತ್ತು ಅಂದದ್ದು ಸುಳ್ಳು ಸುಮತಿ. ಬರೀ ಸುಳ್ಳು. ತಿಂದದ್ದಕ್ಕೆ ಮಗು ಹೋಗಲಿಲ್ಲ."

ಅಮ್ಮ ಅತ್ತಳು. ಗಟ್ಟಿಯಾಗಿ, ಬಿಕ್ಕಿ ಬಿಕ್ಕಿ. ಅವಳು ಹಾಗೆ ಅತ್ತದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಅಜ್ಜಿ ತಟ್ಟೆಯನ್ನು ಅವಳ ತೊಡೆಯ ಮೇಲೆ ಇಟ್ಟಳು. ಅಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಮೂಗು ಒರೆಸಿಕೊಂಡು, ಅಗಿದು, ತಲೆಯೆತ್ತಿದಳು.

"ಅತ್ತೆ, ಉಪ್ಪೇ ಹಾಕಿಲ್ಲ."

"ಹೌದೇನೇ? ನನಗೆ ಗೊತ್ತೇ ಆಗಲಿಲ್ಲ," ಅಂದಳು ಅಜ್ಜಿ.

ಪುಷ್ಯ ಮಾಸದಲ್ಲಿ ನನ್ನ ತಂಗಿ ಹುಟ್ಟಿದಳು. ಸಣ್ಣಕೆ ಇದ್ದಳು, ಆದರೆ ಬೀದಿಗೆಲ್ಲ ಕೇಳುವಷ್ಟು ಗಂಟಲಿತ್ತು. ಅಲಸಂದೆ ಉಳಿಸಿತು ಅಂತ ನಾನು ಹೇಳಲಾರೆ. ಕೆಲವು ವಾರದ ಕಾಳಿನಿಂದ ಮೈಗೆ ಅಷ್ಟು ರಕ್ತ ಬರುವುದಿಲ್ಲ. ಅವತ್ತಿನಿಂದ ಅಮ್ಮ ದೇವರ ಗೂಡಿನ ಹಿಂದಿನ ಮಾತ್ರೆಯನ್ನೂ ತಪ್ಪದೆ ನುಂಗತೊಡಗಿದಳು, ಕೆಲಸ ಮಾಡಿದ್ದು ಹೆಚ್ಚಾಗಿ ಅದೇ ಇರಬೇಕು. ಅಜ್ಜಿ ಮುಂದಿನ ವರ್ಷ ಮತ್ತೆ ವ್ರತ ಹಿಡಿದಳು, ಕಣ್ಣು ಮುಚ್ಚುವವರೆಗೆ ಬಿಡಲಿಲ್ಲ. ಬಂದವರ ಹತ್ತಿರ ಹೇಳುವ ಮಾತು ಮಾತ್ರ ಬದಲಾಯಿತು. ಒಂದು ವರ್ಷ ತಪ್ಪಿದೆ ಅನ್ನುತ್ತಿದ್ದಳು. ಯಾಕೆ ಅಂತ ಹೆಂಗಸರು ಕೆದಕಿದರೆ ನಗುತ್ತಾ, ಎಂಥ ಹೇಳಲಿ, ನಾಲಿಗೆ ಚಪಲ, ಅಲಸಂದೆ ಕಂಡು ತಡೆಯಲಾಗಲಿಲ್ಲ, ಕದ್ದು ತಿಂದುಬಿಟ್ಟೆ ಅನ್ನುತ್ತಿದ್ದಳು. ಬಂದವರು ಮುಸಿಮುಸಿ ನಗುತ್ತಿದ್ದರು. ನನಗೆ ತಡೆಯದೆ ಒಮ್ಮೆ, ಸುಳ್ಳು ಯಾಕೆ ಹೇಳ್ತೆ ಅಜ್ಜಿ ಅಂತ ಎಲ್ಲರೆದುರು ಕಿರುಚಿದೆ. ಅಮ್ಮನೂ ಒಳಗಿನಿಂದ ಬಂದು, ಅತ್ತೆ ತಿಂದದ್ದು ಆಸೆಗಲ್ಲ, ಅಂತ ಶುರುಮಾಡಿದಳು.

"ನೀನು ಸುಮ್ಮನಿರು ಸುಮತಿ," ಅಂದಳು ಅಜ್ಜಿ. "ತಿಂದವಳು ನಾನು. ಯಾಕೆ ತಿಂದೆ ಅಂತ ನನಗೆ ಗೊತ್ತಿಲ್ಲವೇನೇ?"